ಈ ಫೈಲ್ ಯಾವ ಪ್ಯಾಕೇಜಿನದು? ಮೂರು ದಾರಿಗಳನ್ನು ಬಳಸಿ ನೋಡಿದೆ

ಡೆಬಿಯನ್‌ನಲ್ಲಿ (ಒಂದು ಬಗೆಯ ಲಿನಕ್ಸ್) ಒಂದು ಸಿ ಪ್ರೋಗ್ರಾಂ ಕಂಪೈಲ್ ಮಾಡುತ್ತಿದ್ದೆ. ಅರ್ಧಕ್ಕೇ ನಿಂತಿತು. 'ಝಡ್‌ಲಿಬ್.ಎಚ್' ಫೈಲ್ ಇಲ್ಲ ಅಂತ ತಕರಾರು. ಝಡ್‌ಲಿಬ್ ಪ್ಯಾಕೇಜ್ (ಒಟ್ಟಿಗೆ ಇನ್‌ಸ್ಟಾಲ್ ಆಗುವ ಫೈಲುಗಳ ಕಟ್ಟು) ಹಾಕಿದರೆ ಆಯ್ತಲ್ವಾ ಅಂದುಕೊಂಡೆ. ನೋಡಿದರೆ ಬರೀ ಆ ಹೆಸರಿನ ಪ್ಯಾಕೇಜ್ ಅಲ್ಲಿ ಇಲ್ಲವೇ ಇಲ್ಲ.

ಮೊದಲು ಕೈ ಹೋಗಿದ್ದು 'ಡಿಪಿಕೆಜಿ -ಎಸ್' ಕಮಾಂಡಿನ ಕಡೆಗೆ (ಎಸ್ ದೊಡ್ಡಕ್ಷರ). ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ಈಗಾಗಲೇ ಇನ್‌ಸ್ಟಾಲ್ ಆಗಿರುವ ಪ್ಯಾಕೇಜುಗಳ ಫೈಲ್ ಪಟ್ಟಿಯನ್ನಷ್ಟೇ ಅದು ಹುಡುಕುತ್ತದೆ. ಡಿಸ್ಕಿನಲ್ಲಿರುವ ಫೈಲ್ ಯಾರದು ಎಂದು ಕೇಳಲು ಮಾತ್ರ ಇದಕ್ಕಿಂತ ಹಗುರವಾದದ್ದು ಇಲ್ಲ. ಇಂಟರ್ನೆಟ್ ಬೇಡ, ಹೆಚ್ಚಿಗೆ ಏನೂ ಹಾಕಿಕೊಳ್ಳಬೇಕಿಲ್ಲ, ಉತ್ತರ ತಕ್ಷಣ ಬರುತ್ತದೆ.

ಆದರೆ ಇದರಲ್ಲೂ ಎಡವುವ ಜಾಗಗಳಿವೆ. '/ಯುಎಸ್ಆರ್/ಬಿನ್/ವಿಐ' ಯಾರದು ಅಂತ ಕೇಳಿ ನೋಡಿ, ಯಾರದೂ ಅಲ್ಲ ಅನ್ನುತ್ತದೆ. ಅದು ಇನ್‌ಸ್ಟಾಲ್ ಆಗುವಾಗ ಹುಟ್ಟಿದ ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈ ತೋರುವ ಕೊಂಡಿ), ಯಾವ ಪ್ಯಾಕೇಜಿನ ಪಟ್ಟಿಯಲ್ಲೂ ಇಲ್ಲ. 'ರೀಡ್‌ಲಿಂಕ್ -ಎಫ್' ಹಾಕಿ ಆ ಕೊಂಡಿಯ ಬೆನ್ನು ಹತ್ತಿದರೆ ಕೊನೆಗೆ 'ವಿಮ್.ಟೈನಿ'ಯೋ 'ವಿಮ್.ಬೇಸಿಕ್‌'ಓ ಸಿಗುತ್ತದೆ. ಆ ಪಾತ್ (ಫೈಲ್ ಇರುವ ಪೂರ್ತಿ ವಿಳಾಸ) ಕೊಟ್ಟು ಕೇಳಿದರೆ ಸರಿಯಾದ ಉತ್ತರ. ಡೆಬಿಯನ್ 12ರಲ್ಲಿ ಇನ್ನೊಂದು ತೊಡಕು: '/ಯುಎಸ್ಆರ್/ಬಿನ್/ಎಲ್ಎಸ್' ಅಂದರೆ ಸಿಗುವುದಿಲ್ಲ, '/ಬಿನ್/ಎಲ್ಎಸ್' ಅಂದರೆ ಸಿಗುತ್ತದೆ. ಎರಡೂ ಒಂದೇ ಫೈಲ್, ಪಟ್ಟಿಯಲ್ಲಿ ಬರೆದಿರುವುದು ಮಾತ್ರ ಹಳೆಯ ಪಾತ್. ಅದಕ್ಕೇ ನಾನು ಮೊದಲ ಸ್ಲ್ಯಾಶ್ ಬಿಟ್ಟು 'ಬಿನ್/ಎಲ್ಎಸ್' ಅಂತಲೇ ಕೊಡುತ್ತೇನೆ. ನಾಲ್ಕು ಸಾಲು ಜಾಸ್ತಿ ಬಂದರೂ ಬೇಕಾದದ್ದು ಅದರಲ್ಲಿ ಇರುತ್ತದೆ.

ಝಡ್‌ಲಿಬ್ ಗಂಟು ಬಿಡಿಸಿದ್ದು 'ಆಪ್ಟ್-ಫೈಲ್'. ಇದನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಒಮ್ಮೆ 'ಆಪ್ಟ್-ಫೈಲ್ ಅಪ್‌ಡೇಟ್' ಕೊಡಬೇಕು. ರೆಪೊಸಿಟರಿಯ (ಪ್ಯಾಕೇಜುಗಳು ಇಳಿದುಬರುವ ಆನ್‌ಲೈನ್ ಭಂಡಾರ) ಎಲ್ಲ ಪ್ಯಾಕೇಜುಗಳ ಫೈಲ್ ಪಟ್ಟಿ ಆಗ ಇಳಿಯುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಸುಮ್ನೆ 'ಝಡ್‌ಲಿಬ್.ಎಚ್' ಅಂತ ಹುಡುಕಿದಾಗ ಸಾಲು ಸಾಲಾಗಿ ಸುರಿಯಿತು, ಹೆಸರಿನ ನಡುವೆ ಆ ಅಕ್ಷರಗಳಿದ್ದರೂ ಅದು ತೋರಿಸುತ್ತದೆ. ಇಡೀ ಪಾತ್, ಅಂದರೆ '/ಯುಎಸ್ಆರ್/ಇನ್‌ಕ್ಲೂಡ್/ಝಡ್‌ಲಿಬ್.ಎಚ್', ಕೊಟ್ಟಾಗ ಬೇಕಾದ ಹೆಸರು ಕಣ್ಣಿಗೆ ಬಿತ್ತು: 'ಝಡ್‌ಲಿಬ್1ಜಿ-ಡೆವ್'. ಹಾಕಿದೆ, ಕಂಪೈಲ್ ಮುಂದಕ್ಕೆ ಹೋಯಿತು. ಈ ಹೆಸರನ್ನು ಊಹಿಸಿ ಹಿಡಿಯುವುದು ಯಾರಿಗೆ ಸಾಧ್ಯ ಹೇಳಿ!

ಇನ್ನೊಂದು ಲಿನಕ್ಸ್ ಆದ ಫೆಡೋರಾದಲ್ಲಿ 'ಡಿಎನ್ಎಫ್ ಪ್ರೊವೈಡ್ಸ್' ಕಮಾಂಡ್ ಒಂದೇ ಸಾಕು. ಫೈಲ್ ನಿಮ್ಮಲ್ಲಿದ್ದರೂ, ರೆಪೊಸಿಟರಿಯಲ್ಲಿ ಮಾತ್ರ ಇದ್ದರೂ ಹೇಳುತ್ತದೆ. ಪೂರ್ತಿ ಪಾತ್ ಗೊತ್ತಿಲ್ಲದಿದ್ದರೆ ಫೈಲ್ ಹೆಸರಿನ ಮೊದಲಿಗೆ ನಕ್ಷತ್ರ, ಸ್ಲ್ಯಾಶ್ ಸೇರಿಸಿ, ಕೋಟ್ ಒಳಗೆ ಬರೆಯಿರಿ. ಫೆಡೋರಾ 40ರಿಂದ ಪೂರ್ತಿ ಫೈಲ್ ಪಟ್ಟಿ ಮೊದಲೇ ಇಳಿಯುವುದಿಲ್ಲ. ಹಾಗಾಗಿ ಮೊದಲ ಸಲ ಕೇಳಿದಾಗ ತಡವಾದರೆ ಗಾಬರಿಯಾಗಬೇಡಿ. ಸುಲಭದ ಲೆಕ್ಕದಲ್ಲಿ ನನ್ನ ಮತ ಇದಕ್ಕೇ. ಡೆಬಿಯನ್‌ನಲ್ಲಂತೂ ಹೊಸ ಮಷೀನ್ ಸಿಕ್ಕ ದಿನವೇ ಆಪ್ಟ್-ಫೈಲ್ ಹಾಕಿಬಿಡುತ್ತೇನೆ.