ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಟರ್ಬೊ, ದೇವರಾಜ ಮಾರುಕಟ್ಟೆಯಲ್ಲಿ ಸಾದಾ

ನನ್ನದೂ ಭಾವನದೂ ಒಂದೇ ಕಾರು, ಮಾರುತಿ ಫ್ರಾಂಕ್ಸ್. ಎರಡೂ ಮ್ಯಾನುಯಲ್ ಗೇರ್. ಬಾನೆಟ್ ಎತ್ತಿದಾಗಲೇ ಬೇರೆ ಬೇರೆ ಎಂದು ತಿಳಿಯುವುದು. ಮಂಡ್ಯದಲ್ಲಿರುವ ನನ್ನದು 1.2 ಲೀಟರಿನ ಸಾದಾ ಪೆಟ್ರೋಲ್ ಎಂಜಿನ್: ನಾಲ್ಕು ಸಿಲಿಂಡರ್, 90 ಪಿಎಸ್ (ಅಶ್ವಶಕ್ತಿಯ ಅಳತೆ). ಮೈಸೂರಿನ ಕುವೆಂಪುನಗರದಲ್ಲಿರುವ ಭಾವನದು 1.0 ಲೀಟರ್ ಟರ್ಬೊ, ಎಂದರೆ ಹೆಚ್ಚು ಗಾಳಿಯನ್ನು ಒಳಗೆ ನೂಕುವ ಚಕ್ರವಿರುವ ಎಂಜಿನ್: ಮೂರೇ ಸಿಲಿಂಡರ್, ಆದರೂ 100 ಪಿಎಸ್. ಹದಿನೈದು ದಿನ ಅದಲುಬದಲು ಮಾಡಿಕೊಂಡೆವು.

ಆ ಹತ್ತು ಪಿಎಸ್ ನೋಡಿ ಮರುಳಾಗಬೇಡಿ. ನೋಡಬೇಕಾದದ್ದು ಟಾರ್ಕ್, ಎಂದರೆ ಎಳೆತ. ನನ್ನದು 113 ನ್ಯೂಟನ್ ಮೀಟರ್ ಕೊಡುತ್ತದೆ, ಅದೂ 4400 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಮುಟ್ಟಿದ ಮೇಲೆ. ಟರ್ಬೊ 2000ದಿಂದ 4500ರವರೆಗೂ 148 ಕೊಡುತ್ತಲೇ ಇರುತ್ತದೆ. ಪಾಂಡವಪುರದಿಂದ ಮೇಲುಕೋಟೆಗೆ ಹೊರಟಾಗ ಇದರ ಅರ್ಥ ಚೆನ್ನಾಗಿ ತಿಳಿಯಿತು. ಮುಂದೆ ಎರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ತುದಿಗಳು, ಎದುರಿಗೆ ಸಿಕ್ಕುವುದು ಅರೆಗಳಿಗೆಯ ಖಾಲಿ ರಸ್ತೆ. ನನ್ನ ಕಾರಿನಲ್ಲಾದರೆ ಎರಡನೇ ಗೇರಿಗೆ ಇಳಿಸಿ, ಎಂಜಿನ್ ಅರಚಿಸಿ ದಾಟಬೇಕು. ಟರ್ಬೊ ಮೂರನೇ ಗೇರಿನಲ್ಲೇ ಹಿಂದಿನಿಂದ ಯಾರೋ ನೂಕಿದಂತೆ ದಾಟಿಸಿತು. ಆದರೆ ಆರ್‌ಪಿಎಂ ಕೆಳಗಿರುವಾಗ ಕಾಲೊತ್ತಿದರೆ ಕರೆದರೂ ಕೇಳಿಸದವರಂತೆ ಒಂದು ಕ್ಷಣ ಸುಮ್ಮನಿರುತ್ತದೆ. ಮೊದಲೆರಡು ದಿನ ಇದಕ್ಕೆ ಬೈದೆ, ಆಮೇಲೆ ಪಾದ ತಾನೇ ಕಲಿತುಕೊಂಡಿತು.

ಊರೊಳಗೆ ಲೆಕ್ಕ ತಿರುಗುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಗೇರು ಎರಡರ ಮೇಲೆ ಹೋದರೆ ಪುಣ್ಯ. ಅಲ್ಲಿ ಟರ್ಬೊ ಬರೀ ಅಲಂಕಾರ. ನಾಲ್ಕು ಸಿಲಿಂಡರಿನ ನಯವೇ ಹಿತ. ಟ್ಯಾಂಕ್ ತುಂಬಿಸಿ ಅಳೆದಾಗ ಪೇಟೆಯಲ್ಲಿ ನನ್ನದು ಲೀಟರಿಗೆ 15, ಟರ್ಬೊ 13 ಕಿಲೋಮೀಟರ್. ಹೆದ್ದಾರಿಯಲ್ಲಿ ಅಂಥ ವ್ಯತ್ಯಾಸವಿಲ್ಲ.

ಬಾಳಿಕೆಯ ಮಾತಿಗೆ ಬಂದರೆ ನನ್ನ ಅನುಮಾನ ಎಂಜಿನ್ ಮೇಲಲ್ಲ, ಭಾವನ ಮೇಲೆ. ಟರ್ಬೊ ಎಂದರೆ ಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಪುಟ್ಟ ಚಕ್ರ. ಅದರ ಅಚ್ಚನ್ನು ಕಾಯುವುದು ಆಯಿಲ್‌ನ ತೆಳು ಪದರ. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗವಾಗಿ ಬಂದು, ಹಳೆಯ ದಾರಿಗಿಳಿದು, ಮದ್ದೂರಿನಲ್ಲಿ ವಡೆಯ ಆಸೆಗೆ ತಟ್ಟನೆ ಎಂಜಿನ್ ಆರಿಸಿದರೆ ಒಳಗೆ ನಿಂತ ಆಯಿಲ್ ಕಾದ ಲೋಹಕ್ಕೆ ಸುಟ್ಟು ಕರಿಗಟ್ಟಬಹುದು.

“ಒಂದು ನಿಮಿಷ ಐಡಲ್‌ನಲ್ಲಿ ಬಿಡಿ ಭಾವ” ಎಂದರೆ “ವಡೆ ಆರಿಹೋಗುತ್ತದೆ, ಬಾರೋ” ಎನ್ನುತ್ತಾರೆ. ಆಯಿಲ್ ಬದಲಿಸುವ ದಿನವನ್ನೂ ಅಕ್ಕನೇ ನೆನಪಿಸಬೇಕು. ಜೊತೆಗೆ ಟರ್ಬೊದಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಸಿಂಪಡಿಸಲ್ಪಡುವುದರಿಂದ ಇನ್‌ಟೇಕ್ ವಾಲ್ವ್ (ಗಾಳಿ ಒಳಬಿಡುವ ಕವಾಟ) ತೊಳೆಯಲು ಪೆಟ್ರೋಲ್ ಸಿಗುವುದಿಲ್ಲ. ವರ್ಷಗಳು ಕಳೆದಂತೆ ಅಲ್ಲಿ ಮಸಿ ಕೂರಬಹುದು. ನನ್ನ ಎಂಜಿನ್‌ಗೆ ಈ ಎರಡು ಚಿಂತೆಯೂ ಇಲ್ಲ. ಮರೆಗುಳಿಗಳನ್ನು ಅದು ಟರ್ಬೊಗಿಂತ ಹೆಚ್ಚು ಸಹಿಸಿಕೊಳ್ಳುತ್ತದೆ.

ಹಾಗಾಗಿ ಭಾವನಿಗೆ ತಕ್ಕದ್ದು ನನ್ನ ಕಾರು, ಕಬ್ಬಿನ ದಾರಿಯ ನನಗೆ ತಕ್ಕದ್ದು ಅವರದು. ಕಾಯಂ ಆಗಿ ಬದಲಿಸಿಕೊಳ್ಳೋಣವೇ ಎಂದು ಕೇಳಿದೆ. ಮೇಲೆ ಎಷ್ಟು ಕೊಡುತ್ತೀಯ ಎಂದರು.