ಆಲ್ಟಿಸೋ, ಸ್ಟ್ರಾಟಿಸೋ?

ಯಲಹಂಕದ ತಂಡಕ್ಕೂ ಜಯನಗರದ ತಂಡಕ್ಕೂ ತಿಂಗಳುಗಟ್ಟಲೆ ನಡೆಯಬೇಕಾದ ಯುದ್ಧ. ಆಟ 2013ರ ಆರ್ಮಾ 3, ಸೇನಾ ಕಾಳಗದ ಕಂಪ್ಯೂಟರ್ ಗೇಮ್. ನಕ್ಷೆ, ಅಂದರೆ ಆಟದೊಳಗಿನ ಯಾವ ದ್ವೀಪದಲ್ಲಿ ಕಾದಾಡುವುದು ಎಂಬುದೇ ಮೊದಲ ಜಗಳ.

ಆಲ್ಟಿಸ್ ಗ್ರೀಸಿನ ಲೆಮ್ನೋಸ್ ದ್ವೀಪದ ಮಾದರಿ, ಸುಮಾರು 270 ಚದರ ಕಿಲೋಮೀಟರ್. ಪಟ್ಟಣ, ವಿಮಾನ ನಿಲ್ದಾಣ, ಇಂಧನ ಸಾಗಣೆ ಎಲ್ಲಕ್ಕೂ ಜಾಗವಿದೆ. ಈ ವಾರ ಗೆದ್ದ ಊರು ಮುಂದಿನ ವಾರದ ನೆಲೆಯಾಗುತ್ತದೆ. ಆದರೆ ತಂಡಕ್ಕೆ ಹತ್ತೇ ಜನವಿದ್ದರೆ ಅದು ಬರೀ ಬಯಲು. ಒಂದು ಶನಿವಾರ ಲಾರಿಯಲ್ಲಿ ನಲವತ್ತು ನಿಮಿಷ ಅಲೆದೆವು. ಹಾರಿಸಿದ್ದು ಎರಡೇ ಗುಂಡು, ಒಂದು ನಮ್ಮವನಿಗೇ ತಗುಲಿತು. ಸಿಲ್ಕ್ ಬೋರ್ಡ್ ದಾಟಿ ಬಂದವರಿಗೆ ಅಷ್ಟು ಬೇಸರವಾಗಲಿಲ್ಲವೇನೋ!

ಸ್ಟ್ರಾಟಿಸ್ ಸುಮಾರು 20 ಚದರ ಕಿಲೋಮೀಟರ್. ಬೇಗ ಮುಖಾಮುಖಿ, ಬೇಗ ಮುಕ್ತಾಯ.

ತಂಡಕ್ಕೆ ಹದಿನೈದು ಜನ ಖಚಿತವಿಲ್ಲದಿದ್ದರೆ ಸ್ಟ್ರಾಟಿಸ್ ಹಿಡಿಯಿರಿ. ಆಲ್ಟಿಸ್ ಬೇಕೇ ಬೇಕೆಂದರೆ ಒಂದು ಮೂಲೆಗಷ್ಟೇ ಗೆರೆ ಎಳೆದು ಆಡಿ.