ಉಮ್ರಾಕ್ಕೆ ಹೊರಟವರೇ, ಇಹ್ರಾಮ್ ಬಟ್ಟೆ ನಿಮ್ಮ ಕೈಚೀಲದಲ್ಲೇ ಇರಲಿ

ಗುಂಪಿನಲ್ಲಿ ಉಮ್ರಾಕ್ಕೆ, ಅಂದರೆ ಮಕ್ಕಾ ಯಾತ್ರೆಗೆ, ಹೊರಟಿರುವವರು ಇದನ್ನು ಓದಿಕೊಂಡು ಸಾಮಾನು ಕಟ್ಟಿ. ಯಾರು ಏನೇ ಹೇಳಲಿ, ಇಹ್ರಾಮ್ ಬಟ್ಟೆಯನ್ನು (ಯಾತ್ರೆಯಲ್ಲಿ ಗಂಡಸರು ಉಟ್ಟು ಹೊದೆಯುವ ಹೊಲಿಗೆಯಿಲ್ಲದ ಎರಡು ತುಂಡು) ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಏಜೆನ್ಸಿಯವರ ವಶಕ್ಕೂ ಬಿಡಬೇಡಿ.

ನಾವು ಮಂಗಳೂರಿನಿಂದ ಹೊರಟು, ಗಲ್ಫ್‌ನಲ್ಲಿ ವಿಮಾನ ಬದಲಿಸಿ ಸೌದಿಯ ಜಿದ್ದಾಕ್ಕೆ ಹೋಗುವವರಿದ್ದೆವು. ಅಬ್ಬ, ಉಮ್ಮ ಜೊತೆಗಿದ್ದರು. ಗುಂಪಿನಲ್ಲಿ ಅವರ ವಯಸ್ಸಿನವರೇ ಹೆಚ್ಚು. ಏಜೆನ್ಸಿಯವರು ಎಲ್ಲರಿಗೂ ಒಂದೇ ಬಣ್ಣದ ಚೀಲ, ಕೊರಳಿಗೆ ಗುರುತಿನ ಚೀಟಿ, ತಮ್ಮ ಹೆಸರು ಅಚ್ಚು ಹಾಕಿಸಿದ ಛತ್ರಿ ಎಲ್ಲ ಕೊಟ್ಟರು. ಗಂಡಸರ ಇಹ್ರಾಮ್ ಮಾತ್ರ ಕೊಡಲಿಲ್ಲ. "ಈಗ ಕೊಟ್ಟರೆ ಮನೆಯಲ್ಲೇ ಮರೆತು ಬರುತ್ತೀರಿ, ಗಲ್ಫ್‌ನಲ್ಲಿ ಇಳಿದ ಮೇಲೆ ಕೈಗೇ ಕೊಡುತ್ತೇವೆ" ಎಂದರು. ಎಲ್ಲರ ಇಹ್ರಾಮನ್ನೂ ಒಂದು ಪೆಟ್ಟಿಗೆಗೆ ತುಂಬಿ ಲಗೇಜಿಗೆ ಹಾಕಿದರು. ಪೆಟ್ಟಿಗೆಯ ಮೇಲಿನ ಚೀಟಿ ನೇರ ಜಿದ್ದಾದ್ದು. ನಡುದಾರಿಯಲ್ಲಿ ಅದು ಯಾರ ಕೈಗೂ ಸಿಗುವುದಿಲ್ಲ ಎನ್ನುವುದು ಜೊತೆಗೆ ಬಂದಿದ್ದ ಅವರ ಪ್ರತಿನಿಧಿಗೆ ತಿಳಿದದ್ದು ಗಲ್ಫ್‌ನ ಕೌಂಟರಿನಲ್ಲಿ ಹೋಗಿ ಕೇಳಿದಾಗ!

ಜಿದ್ದಾದಲ್ಲಿ ಇಳಿದು ಉಟ್ಟರಾಯಿತಲ್ಲ ಎಂದು ಆತ ಸಲೀಸಾಗಿ ಹೇಳಿದ. ಹಾಗಲ್ಲ. ಮಕ್ಕಾದ ಸುತ್ತ ಮೀಕಾತ್ ಎಂಬ ಗಡಿಗಳಿವೆ. ಉಮ್ರಾದ ಯಾತ್ರಿಕ ಅವನ್ನು ದಾಟುವ ಮೊದಲೇ ಇಹ್ರಾಮಿನಲ್ಲಿ, ಅಂದರೆ ಯಾತ್ರೆಯ ಸಂಕಲ್ಪ ಮಾಡಿ ಅದರ ನಿಯಮಕ್ಕೆ ಒಳಪಟ್ಟ ಸ್ಥಿತಿಯಲ್ಲಿ, ಇರಬೇಕು. ಗಲ್ಫ್ ಕಡೆಯಿಂದ ಬರುವ ವಿಮಾನ ಸಾಮಾನ್ಯವಾಗಿ ತಾಯಿಫ್ ಬಳಿಯ ಕರ್ನುಲ್ ಮನಾಝಿಲ್ ನೇರಕ್ಕೆ ಆಕಾಶದಲ್ಲೇ ಗಡಿ ದಾಟಿ, ಆಮೇಲೆ ಜಿದ್ದಾದಲ್ಲಿ ಇಳಿಯುತ್ತದೆ. ಇಹ್ರಾಮ್ ಇಲ್ಲದೆ ದಾಟಿದವನು ಮೀಕಾತಿಗೆ ಹಿಂದಿರುಗಬೇಕು, ಇಲ್ಲವಾದರೆ ಮಕ್ಕಾದಲ್ಲಿ ದಮ್ ಎಂದು ಆಡನ್ನು ಕೊಯ್ದು ಬಡವರಿಗೆ ಹಂಚಬೇಕು. ಇದು ಗೊತ್ತಿಲ್ಲದವರು ಉಮ್ರಾ ಏಜೆನ್ಸಿ ನಡೆಸುತ್ತಾರೆ.

ಹೆಂಗಸರಿಗೆ ಚಿಂತೆ ಇರಲಿಲ್ಲ, ಅವರಿಗೆ ಬೇರೆ ಬಟ್ಟೆಯ ಕಟ್ಟಳೆ ಇಲ್ಲ. ಗಂಡಸರು ಕಂಗಾಲಾದರು. ಸುತ್ತಲಿನ ಅಂಗಡಿಗಳಲ್ಲಿ ಅತ್ತರು, ಚಾಕೊಲೇಟು, ಗಡಿಯಾರ. ಅಬ್ಬನ ಕೈಚೀಲದಲ್ಲಿ ಹೊಲಿಗೆಯಿಲ್ಲದ ಬಿಳಿ ಮುಂಡು, ಒಂದು ಶಾಲು ಇದ್ದವು. ಅವರು ಅದನ್ನೇ ಉಟ್ಟು ಹೊದ್ದರು. ನಾನು ಪ್ರಯಾಣಕ್ಕೆಂದು ಇಟ್ಟುಕೊಂಡಿದ್ದ ತೆಳು ಬೆಡ್‌ಶೀಟನ್ನು ಎರಡಾಗಿ ಹರಿದೆ. ಏನೂ ಇಲ್ಲದವರಿಗೆ ಗುಂಪಿನ ಉಸ್ತಾದರು (ಧರ್ಮಗುರು), "ತೊಟ್ಟ ಬಟ್ಟೆಯಲ್ಲೇ ನಿಯ್ಯತ್ (ಸಂಕಲ್ಪ) ಮಾಡಿ, ತಲ್ಬಿಯಾ (ಯಾತ್ರೆಯ ಪ್ರಾರ್ಥನೆ) ಹೇಳಿ. ಹೊಲಿದ ಬಟ್ಟೆಗೆ ಫಿದ್ಯಾ ಕೊಡೋಣ, ಮೀಕಾತ್ ತಪ್ಪುವುದು ಬೇಡ" ಎಂದರು. ಶಾಫಿ ಪಂಥದ ನಮಗೆ ಆ ಫಿದ್ಯಾ, ಅಂದರೆ ನಿಯಮ ತಪ್ಪಿದ್ದಕ್ಕೆ ಪರಿಹಾರ, ಎಂದರೆ ಒಂದು ಆಡು, ಅಥವಾ ಆರು ಬಡವರಿಗೆ ಆಹಾರ, ಅಥವಾ ಮೂರು ಉಪವಾಸ. ಹನಫಿ ಪಂಥದವರಲ್ಲಿ ಬಟ್ಟೆ ಮೈಮೇಲೆ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಲೆಕ್ಕ. ಗುಂಪಿನಲ್ಲಿದ್ದ ಘಟ್ಟದ ಮೇಲಿನ ಹನಫಿಗಳು ತಮ್ಮ ಮೌಲಾನಾರಿಗೆ ಫೋನ್ ಮಾಡಿ ಕೇಳಿಕೊಂಡರು. ವರ್ಷಗಟ್ಟಲೆ ಹಣ ಕೂಡಿಟ್ಟು ಬಂದ ಮುದುಕರೊಬ್ಬರು ಪ್ಯಾಂಟು ಶರಟಿನಲ್ಲಿ ಕುಳಿತು ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡೇ ಇದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆದ್ದರಿಂದ ಹಣ ಕಟ್ಟುವ ಮೊದಲೇ ಕೇಳಿ: ಮೊದಲು ಮಕ್ಕಾವೋ ಮದೀನಾವೋ? ನೇರವಾಗಿ ಮದೀನಾದಲ್ಲಿ ಇಳಿಯುವುದಾದರೆ ವಿಮಾನದಲ್ಲಿ ಈ ತಾಪತ್ರಯವಿಲ್ಲ, ಮಕ್ಕಾಕ್ಕೆ ಹೊರಡುವಾಗ ಊರ ಹೊರಗಿನ ದುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟಬಹುದು. ಮೊದಲು ಜಿದ್ದಾ ಎಂದರೆ ಎರಡು ತುಂಡು ಬಟ್ಟೆ, ಸೊಂಟದ ಬೆಲ್ಟು, ಹವಾಯಿ ಚಪ್ಪಲಿ, ಪರಿಮಳವಿಲ್ಲದ ಸಾಬೂನು ಕೈಚೀಲದಲ್ಲಿರಲಿ. ಪರಿಮಳವಿಲ್ಲದ ವ್ಯಾಸಲೀನಿನ ಸಣ್ಣ ಡಬ್ಬಿಯೂ ಬೇಕು. ಕಾಬಾಕ್ಕೆ ಏಳು ಸುತ್ತು ತವಾಫ್ (ಪ್ರದಕ್ಷಿಣೆ), ಆಮೇಲೆ ಸಫಾ, ಮರ್ವಾ ಎಂಬ ಎರಡು ದಿಬ್ಬಗಳ ನಡುವೆ ಮೂರು ಕಿಲೋಮೀಟರಿಗೂ ಹೆಚ್ಚು ನಡಿಗೆ. ಒಳಬಟ್ಟೆಯಿಲ್ಲದೆ ನಡೆದು ತೊಡೆ ಉಜ್ಜಿ ಗಾಯವಾಗುವುದನ್ನು ಯಾವ ಏಜೆನ್ಸಿಯೂ ಹೇಳುವುದಿಲ್ಲ, ನಾಚಿಕೆಯಿಂದ ಹೋಗಿಬಂದವರೂ ಹೇಳುವುದಿಲ್ಲ. ಉಮ್ರಾದ ಕೊನೆಗೆ ಕೂದಲು ಕತ್ತರಿಸುವ ಕತ್ತರಿ ಮಾತ್ರ ದೊಡ್ಡ ಪೆಟ್ಟಿಗೆಗೆ, ಕೈಚೀಲದಲ್ಲಿ ಬಿಡುವುದಿಲ್ಲ. ಹರಮಿನ (ಮಕ್ಕಾದ ದೊಡ್ಡ ಮಸೀದಿಯ) ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮರಳಿ ಸಿಗುವುದು ಅದೃಷ್ಟ. ಜೊತೆಗೇ ಒಯ್ಯಲು ಒಂದು ಬಟ್ಟೆಯ ಚೀಲವಿರಲಿ.

ಇನ್ನೂ ಗಂಭೀರವಾದದ್ದು ಅಡುಗೆಮನೆಯಿಂದ ಬರುವ ಪೊಟ್ಟಣ. ನಮ್ಮ ಗುಂಪಿನ ಒಬ್ಬರು ಮಸಾಲೆ ಸಾಮಾನಿನ ಜೊತೆ ಗಸಗಸೆ ಕಟ್ಟಿಕೊಂಡಿದ್ದರು. ಮಂಗಳೂರಿನಲ್ಲಿ ಉಮ್ಮನ ಕಣ್ಣಿಗೆ ಬಿದ್ದು ತೆಗೆಸಿದರು. ಸೌದಿಯಲ್ಲೂ ಯುಎಇಯಲ್ಲೂ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಸಾಲಿಗೆ ಸೇರುತ್ತದೆ, ಜೈಲಿಗೆ ಹೋದವರಿದ್ದಾರೆ. ಯಾರದೋ ಪೊಟ್ಟಣವನ್ನು "ಅಲ್ಲಿರುವ ನಮ್ಮ ಹುಡುಗನಿಗೆ ಕೊಟ್ಟುಬಿಡಿ" ಎಂದರೆ ಮುಲಾಜಿಲ್ಲದೆ ನಿರಾಕರಿಸಿ. ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್, ಕೋಡೀನ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಇವೆಲ್ಲಕ್ಕೂ ಅಲ್ಲಿ ಬಿಗಿ ನಿರ್ಬಂಧವಿದೆ. ವಯಸ್ಸಾದವರ ಮಾತ್ರೆಗಳ ಹೆಸರನ್ನು ಹೊರಡುವ ಮೊದಲೇ ವೈದ್ಯರಿಗೆ ತೋರಿಸಿ, ಬೇಕಾದ ಅನುಮತಿ ಪಡೆದು, ವೈದ್ಯರ ಚೀಟಿಯ ಸಮೇತ ಮಾತ್ರೆಯ ಮೂಲ ಸ್ಟ್ರಿಪ್ಪಿನಲ್ಲೇ ಒಯ್ಯಿರಿ.

ಹಿಂದಿರುಗುವಾಗಲೂ ಅದೇ ಪ್ರತಿನಿಧಿ ಝಮ್‌ಝಮ್ (ಮಕ್ಕಾದ ಪವಿತ್ರ ಬಾವಿಯ ನೀರು) ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಡಿ ಎಂದ. ಜಿದ್ದಾದ ಕೌಂಟರಿನಲ್ಲಿ ಒಂದೊಂದನ್ನೂ ಬಿಚ್ಚಿಸಿ ತೆಗೆಸಿದರು. ವಿಮಾನ ಸಂಸ್ಥೆ ಒಪ್ಪುವುದು ಮೊಹರು ಹಾಕಿದ 5 ಲೀಟರಿನ ಡಬ್ಬಿಯನ್ನು, ಅದೂ ಪ್ರತ್ಯೇಕವಾಗಿ. ಫಿದ್ಯಾದ ಖರ್ಚನ್ನಾದರೂ ಕೊಡಿ ಎಂದು ಊರಿಗೆ ಬಂದ ಮೇಲೆ ಏಜೆನ್ಸಿಯವರನ್ನು ಕೇಳಿದೆವು. "ಉಮ್ರಾ ಆಯಿತಲ್ಲ" ಎಂದು ಹೇಳಿ ಫೋನಿಟ್ಟರು.